ಅವ್ವನ ಬಾಯೊಳಗಿನ ಹಸಿರು

ಹೂಲಿಯ ಪದ್ಮವ್ವನ ಬಾಯಿ ಎಂಥದ್ದೆಂದು ಊರಿಗೆಲ್ಲ ಗೊತ್ತಿತ್ತು. ನಳದ ಹತ್ತಿರ ಪಾಳಿ ತಪ್ಪಿಸಿ ಕೊಡ ಇಟ್ಟವರು, ಗೌಂಡಿ ಕೆಲಸದ ಗಂಡನಿಂದ ಗೋಡೆ ಕಟ್ಟಿಸಿಕೊಂಡು ಆಮೇಲೆ ಗೋಡೆ ಸೊಟ್ಟ ಎಂದವರು, ಅಷ್ಟೇ ಏಕೆ, ಓಟು ಕೇಳಲು ಬಂದು ಅಂಗಳದಲ್ಲಿ ಹಲ್ಲು ಕಿರಿದವರು ಕೂಡ ಆ ಬಾಯಿಗೆ ಸಿಕ್ಕು ಸೋತು ಸುಣ್ಣವಾಗಿದ್ದರು. ಆದರೆ ಆ ಬಾಯಿಯ ಒಳಗನ್ನು ಮಾತ್ರ ಯಾರೂ ನೋಡಿರಲಿಲ್ಲ. ಬೈಯುವಾಗಲೂ ನಗುವಾಗಲೂ ಆಕೆ ಸೆರಗಿನ ಅಂಚನ್ನು ತುಟಿಗೆ ಅಡ್ಡ ಹಿಡಿಯುತ್ತಿದ್ದಳು. ಹಲ್ಲು, ವಸಡು ಎಲ್ಲ ಮಿಸ್ರಿಯಿಂದ ಕರ್ರಗಾಗಿದ್ದವು.

ಮಿಸ್ರಿ ಎಂದರೆ ಮತ್ತೇನಲ್ಲ, ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕಪ್ಪಾಗುವವರೆಗೆ ಹುರಿದು ಕುಟ್ಟಿದ ಪುಡಿ. ಬೆಳಿಗ್ಗೆ ಎದ್ದು ಅದನ್ನು ಬೆರಳಿಗೆ ಹಚ್ಚಿಕೊಂಡು ಹಲ್ಲಿಗೆ ತಿಕ್ಕದಿದ್ದರೆ ಆ ಕಡೆಯ ಎಷ್ಟೋ ಹೆಂಗಸರಿಗೆ ದಿನವೇ ಶುರುವಾಗುವುದಿಲ್ಲ. ಪದ್ಮವ್ವನಿಗೆ ಚೊಚ್ಚಲ ಬಾಣಂತನದಲ್ಲಿ ಹಲ್ಲುನೋವು ಬಂದಾಗ ಅಕ್ಕ ಗುರವ್ವ ಇದನ್ನು ಕಲಿಸಿದ್ದಳು. ನೋವು ಹೋಯಿತು, ಮಿಸ್ರಿ ಉಳಿಯಿತು. ಮಗಳು ಪ್ರಜ್ಞಾಳಿಗೆ ಚಿಕ್ಕಂದಿನ ಮನೆಯ ನೆನಪೆಂದರೆ ತಂಬಾಕು ಹುರಿಯುವ ಘಾಟು, ಅಪ್ಪ ನೀಲಪ್ಪನ ಸೀನು, ಅಣ್ಣ ಕಾಂತೇಶನ ಸೀನು, ಆ ಹೊಗೆಯ ನಡುವೆ ಏನೂ ಆಗದವಳಂತೆ ಕೂತ ಅವ್ವ.

ಗುರವ್ವ ಕಿತ್ತೂರಿನಲ್ಲಿದ್ದಳು. ಪ್ರಜ್ಞಾ ಧಾರವಾಡದಲ್ಲಿ ಓದುತ್ತಿದ್ದಾಗ ಈ ದೊಡ್ಡವ್ವನ ಗಲ್ಲದೊಳಗೆ ಹುಣ್ಣಾಯಿತು. ಮನೆಮದ್ದು ಮುಗಿದು, ನಾಟಿ ಔಷಧ ಮುಗಿದು, ಬಾಯಿ ತೆರೆಯಲು ಬಾರದಂತಾದ ಮೇಲೆ ಹುಬ್ಬಳ್ಳಿಗೆ ಕರೆದೊಯ್ದರು. ಅಲ್ಲಿ ಹುಣ್ಣಿನ ಒಂದು ಚೂರು ಕೊಯ್ದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದು ಬಂತು. ಮಳೆಗಾಲ ಮುಗಿಯುವುದರೊಳಗೆ ಗುರವ್ವ ಹೋದಳು. ರೋಗ ಎಷ್ಟು ಕಾಲದಿಂದ ಒಳಗೆ ಕೂತು ತಿನ್ನುತ್ತಿತ್ತು ಎಂದು ಯಾರೂ ಕೇಳಲಿಲ್ಲ. ಎಲ್ಲರ ಕಣ್ಣಿಗೂ ಬಿದ್ದದ್ದು ಕತ್ತಿ. “ಹುಣ್ಣಿಗೆ ಕಬ್ಬಿಣ ತಾಗಸಬಾರದಿತ್ತು,” ಎಂದು ಪದ್ಮವ್ವ ಹೆಣದ ಮುಂದೆ ಕೂತು ತೀರ್ಪು ಕೊಟ್ಟಳು. “ಕಬ್ಬಿಣ ತಾಗೂತನಾ ನಮ್ಮಕ್ಕ ಎದ್ದು ಅಡ್ಡಾಡತಿದ್ಲು.” ಆಕೆ ತೀರ್ಪು ಕೊಟ್ಟ ಮೇಲೆ ಆ ಓಣಿಯಲ್ಲಿ ಅದನ್ನು ತಿದ್ದುವವರು ಹುಟ್ಟಿರಲಿಲ್ಲ.

ಪ್ರಜ್ಞಾ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ವರ್ಷ ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕೆ ಜನ ಬೇಕಾಗಿದ್ದರು. ಮೈಯ ಮಾಂಸವನ್ನು ಕೊಯ್ಯದೆ, ಚುಚ್ಚದೆ, ಬರೀ ಬೆಳಕು ಬಿಟ್ಟು ಅದು ಕೆಟ್ಟಿದೆಯೋ ಇಲ್ಲವೋ ತಿಳಿಯುವ ಯಂತ್ರ ಮಾಡುತ್ತಿದ್ದರು. ಕೊಯ್ಯದೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಆಕೆ ಬೇರೆ ಯಾವ ಕೆಲಸದ ಕಡೆಗೂ ತಿರುಗಿ ನೋಡಲಿಲ್ಲ. ಹೈಸ್ಕೂಲು ಮಾಸ್ತರಿಕೆ ಸಿಗುವ ಹಾಗಿತ್ತು, ಅದನ್ನೂ ಬಿಟ್ಟಳು. ನೀಲಪ್ಪ ಒಂದು ವಾರ ಮಾತು ಬಿಟ್ಟ.

ಯಂತ್ರ ನೋಡಲಿಕ್ಕೆ ಏನೂ ಇರಲಿಲ್ಲ. ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ಅದರಿಂದ ಹೊರಟ ಒಂದು ಕೊಳವೆ, ಕೊಳವೆಯ ತುದಿಗೆ ನೀಲಿ ದೀಪ, ಹಿಂದೆ ಕಣ್ಣಿಟ್ಟು ನೋಡಲು ಹಳದಿ ಗಾಜು. ಕತ್ತಲೆ ಕೋಣೆಯಲ್ಲಿ ಆ ನೀಲಿ ಬೆಳಕನ್ನು ಬಾಯೊಳಗೆ ಬಿಟ್ಟು ಗಾಜಿನಿಂದ ನೋಡಿದರೆ ಆರೋಗ್ಯದ ಮಾಂಸ ತಾನಾಗಿ ತಿಳಿಹಸಿರು ಬಣ್ಣದಲ್ಲಿ ಹೊಳೆಯುತ್ತದೆ. ಕೆಟ್ಟ ಮಾಂಸ ಹೊಳೆಯುವುದಿಲ್ಲ. ಹಸಿರಿನ ನಡುವೆ ಅಲ್ಲಿ ಒಂದು ಕರಿ ಮಚ್ಚೆ ಕಾಣುತ್ತದೆ. ಮೊದಲ ಸಲ ತನ್ನ ಗಲ್ಲದೊಳಗಿನ ಹಸಿರಿನ ಚಿತ್ರ ನೋಡಿದ ದಿನ ಪ್ರಜ್ಞಾ ಹಾಸ್ಟೆಲಿನ ಗೆಳತಿಯರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗಿದಳು. ಈ ಬೆಳಕು ಒಂದು ವರ್ಷ ಮೊದಲೇ ಕಿತ್ತೂರಿಗೆ ಹೋಗಿದ್ದರೆ ದೊಡ್ಡವ್ವ ಬದುಕುತ್ತಿದ್ದಳು ಎಂಬುದು ಆಕೆಯ ಗಟ್ಟಿ ನಂಬಿಕೆಯಾಗಿತ್ತು.

ಊರೂರಿನ ಶಿಬಿರಗಳಿಗೆ ಜೊತೆಯಾಗಿದ್ದವನು ಬೈಲಹೊಂಗಲದ ಹಲ್ಲಿನ ಡಾಕ್ಟರ್ ಗೌರೀಶ. ಹೊಲಮನೆ, ಅಂಗಡಿ ಎಲ್ಲ ಇದ್ದ ದೊಡ್ಡ ಮನೆತನದ ಹುಡುಗ. ಆದರೆ ಕೆಲಸದಲ್ಲಿ ಮಗ್ಗದವನ ಹಾಗೆ ತಾಳ್ಮೆಯವನು. ಮೊದಲು ಟಾರ್ಚ್ ಹಿಡಿದು ನೋಡುತ್ತಿದ್ದ. ಆಮೇಲೆ ಕೈಗವಸು ಹಾಕಿದ ಬೆರಳಿನಿಂದ ಗಲ್ಲದ ಒಳಗನ್ನೆಲ್ಲ ಒತ್ತಿ, ಒರೆಸಿ ನೋಡುತ್ತಿದ್ದ. ಬಾಯಿ ಮುಕ್ಕಳಿಸಿ ಬಂದ ಮೇಲಷ್ಟೇ ಕತ್ತಲೆ ಕೋಣೆ. ಪ್ರಜ್ಞಾ ಅವಸರ ಮಾಡಿದರೆ ನಗುತ್ತಿದ್ದ. “ಬೆಳಕು ನನ್ನ ಬೆರಳಿಗೆ ಜೋಡಿ ಅದ ಪ್ರಜ್ಞಾ, ಬದಲಿ ಅಲ್ಲ.”

ಆ ಮಾತು ಪ್ರಜ್ಞಾಳಿಗೆ ರುಚಿಸುತ್ತಿರಲಿಲ್ಲ. ಸಂಪಗಾಂವದಲ್ಲಿ, ಸಾಲಹಳ್ಳಿಯಲ್ಲಿ ಹೆಂಗಸರು ಡಾಕ್ಟರನ ಬೆರಳಿಗೆ ಹೆದರಿ ಹಿಂದೆ ಸರಿಯುತ್ತಿದ್ದರು, ಆಕೆಯ ಬೆಳಕಿಗೆ ಮಾತ್ರ ಬಾಯಿ ತೆರೆಯುತ್ತಿದ್ದರು. “ಕತ್ತರಿ ಇಲ್ಲ, ಸೂಜಿ ಇಲ್ಲ, ರಗತ ಇಲ್ಲ,” ಎಂದು ಆಕೆ ಅವರ ಮಾತಿನಲ್ಲೇ ಹೇಳಿದರೆ ಮುದುಕಿಯರು ಕೂಡ ನಕ್ಕು ಒಳಗೆ ಬರುತ್ತಿದ್ದರು. ಕರಿ ಮಚ್ಚೆ ಕಂಡವರನ್ನು ಆಸ್ಪತ್ರೆಗೆ ಕಳಿಸುತ್ತಿದ್ದರು. ಉಳಿದವರು ಹಸಿರು ಎಂಬ ಒಂದೇ ಮಾತು ಕೇಳಿ, ಹೊಸ ಜನ್ಮ ಬಂದವರಂತೆ ಸೆರಗು ಸರಿಮಾಡಿಕೊಂಡು ಮನೆಗೆ ಹೋಗುತ್ತಿದ್ದರು. ಆ ಮಾತು ಹೇಳುವವಳು ತಾನು ಎಂಬ ಹೆಮ್ಮೆ ಪ್ರಜ್ಞಾಳ ತಲೆಗೆ ಸ್ವಲ್ಪ ಏರಿತ್ತು, ಸುಳ್ಳೇಕೆ.

ಎರಡು ಸಾವಿರದ ಏಳನೇ ಇಸವಿ, ಸಂಕ್ರಾಂತಿ ಕಳೆದಿತ್ತು. ನೀಲಪ್ಪ ಫೋನು ಮಾಡಿದ.

“ನಿಮ್ಮವ್ವ ಖಾರ ತಿನ್ನಾಕ ಒಲ್ಲಾಗ್ಯಾಳ,” ಎಂದ. “ರೊಟ್ಟಿ ಹಾಲಾಗ ನೆನಸಿಕೊಂಡು ಉಣ್ಣಾಕ ಹತ್ಯಾಳ. ಬಲಗಡೆ ಗಲ್ಲದಾಗ ಏನೋ ಗುಳ್ಳಿ ಅಂತಾಳ. ಕೇಳಿದ್ರ ನನಗ ಬೈತಾಳ.”

ಹಸಿಮೆಣಸಿನಕಾಯಿ ಕಚ್ಚಿಕೊಂಡು ರೊಟ್ಟಿ ತಿನ್ನುವ ಅವ್ವ ಖಾರ ಬಿಟ್ಟಳೆಂದರೆ ಅದು ಸಣ್ಣ ಮಾತಲ್ಲ. ಆಸ್ಪತ್ರೆಗೆ ಬಾ ಎಂದರೆ ಬರುವ ಹೆಂಗಸಲ್ಲ. ಆಸ್ಪತ್ರೆ ಎಂದರೆ ಆಕೆಗೆ ಗುರವ್ವನ ಹೆಣ. ಹಾಗಾಗಿ ಪ್ರಜ್ಞಾ ಗೌರೀಶನ ಬೆನ್ನು ಬಿದ್ದು ಮುಂದಿನ ಶಿಬಿರವನ್ನು ಹೂಲಿಯಲ್ಲೇ ಇಡಿಸಿದಳು.

ಊರ ಕನ್ನಡ ಸಾಲಿಯ ಒಂದು ಕೋಣೆಯ ಕಿಟಕಿಗಳಿಗೆ ಕಂಬಳಿ ಹೊಚ್ಚಿ ಕತ್ತಲೆ ಮಾಡಿದರು. ಊರ ಹೆಂಗಸರೆಲ್ಲ ಬಂದರು. ಪಕ್ಕದ ಮನೆಯ ಇಂದ್ರವ್ವ ಕೂಡ ಬಂದು ಹಸಿರು ಎನಿಸಿಕೊಂಡು ಹೋದಳು. ಪದ್ಮವ್ವ ಬರಲಿಲ್ಲ. ಹೇಳಿ ಕಳಿಸಿದರೆ ಒಲೆ ಮೇಲೆ ಬೇಳೆ ಇದೆ ಎಂದಳು. ಮತ್ತೆ ಹೇಳಿ ಕಳಿಸಿದರೆ ಎಮ್ಮೆ ಕಟ್ಟಬೇಕು ಎಂದಳು. ಅವರ ಮನೆಯಲ್ಲಿ ಎಮ್ಮೆಯೇ ಇರಲಿಲ್ಲ.

ಮಧ್ಯಾಹ್ನ ಇಳಿಯಿತು. ಗೌರೀಶ ಊರಿನ ಹಳೆಯ ಗುಡಿಗಳನ್ನು ನೋಡಿ ಬರುತ್ತೇನೆಂದು ಹೋದ. ಅವನ ಜೀಪಿನ ಧೂಳು ಅಡಗುವುದರೊಳಗೆ ಪದ್ಮವ್ವ ಸಾಲಿಯ ಹಿಂದಿನ ಬಾಗಿಲಿನಿಂದ ಒಳಗೆ ಬಂದಳು. ಹೊಸ ಇಲಕಲ್ ಸೀರೆ ಉಟ್ಟಿದ್ದಳು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದಳು.

“ಡಾಕ್ಟರ್ ಇದ್ದಾಗ ಬರಬೇಕಿಲ್ಲೇನವ್ವಾ? ಅವರು ಬೆರಳು ಹಾಕಿ ನೋಡತಾರ.”

“ಅದಕ ಬರಲಿಲ್ಲ. ಅಂಥಾ ಮನಿತನದವರ ಓಣ್ಯಾಗ ನಮ್ಮವ್ವ ಚಪ್ಪಲಿ ಕೈಯಾಗ ಹಿಡಕೊಂಡು ಹಾಯ್ದಾಕಿ. ಆ ಹುಡುಗನ ಮುಂದ ನಾ ಈ ಕರೀ ಬಾಯಿ ತಗದು ಕುಂದ್ರಲೇನು? ಸತ್ರೂ ಇಲ್ಲ.”

“ಅವರು ಹಂಗ ನೋಡಾವರಲ್ಲವ್ವಾ.”

“ಅವರು ನೋಡಾಂಗಿಲ್ಲ. ನನಗ ಅನಸತೈತಲ್ಲ?” ಪದ್ಮವ್ವ ಸೆರಗು ಬಾಯಿಗೆ ಒತ್ತಿಕೊಂಡಳು. “ನೀ ನೋಡತಿದ್ರ ನೋಡು. ಕತ್ತಲ್ಯಾಗ ನೋಡು. ಆ ಟಾರ್ಚ್ ಹಚ್ಚಬ್ಯಾಡ. ಇಲ್ಲಂದ್ರ ನಾ ಹೊಂಟೆ.”

ಪ್ರಜ್ಞಾಳಿಗೆ ಅವ್ವನ ಸ್ವಭಾವ ಗೊತ್ತಿತ್ತು. ಒಮ್ಮೆ ಹೊರಟಳೆಂದರೆ ಮತ್ತೆ ಬರುವವಳಲ್ಲ. ಟಾರ್ಚನ್ನು ಮೇಜಿನ ಮೇಲೆ ಇಟ್ಟಳು. ಒಂದು ಲೋಟ ನೀರು ಕೊಟ್ಟು ಬಾಯಿ ಮುಕ್ಕಳಿಸಲು ಹೇಳಿದಳು. ಬಾಗಿಲು ಎಳೆದುಕೊಂಡು ಕತ್ತಲೆಯಲ್ಲಿ ಅವ್ವನನ್ನು ಕುರ್ಚಿಗೆ ಕೂರಿಸಿ ಗದ್ದ ಹಿಡಿದಳು. ಹುಟ್ಟಿದಾಗಿನಿಂದ ಅವ್ವ ಮೊದಲ ಸಲ ಮಗಳ ಮುಂದೆ ಬಾಯಿ ತೆರೆದಳು. ಮಿಸ್ರಿಯ ಘಾಟು ಬರಲಿಲ್ಲ. ತುಪ್ಪದ್ದು, ಅರಿಶಿನದ್ದು, ಅಡಿಗೆಮನೆಯ ವಾಸನೆ ಬಂತು. ಚಿಕ್ಕವಳಿದ್ದಾಗ ಬಿದ್ದು ಮೊಣಕಾಲು ತರಚಿಕೊಂಡಾಗ ಅವ್ವನ ಕೈಗೆ ಇರುತ್ತಿದ್ದ ವಾಸನೆ.

ದೀಪ ಹಚ್ಚಿ ಗಾಜಿಗೆ ಕಣ್ಣಿಟ್ಟಳು. ಎಡಗಡೆ ತಿಳಿಹಸಿರು. ನಾಲಗೆ ಸರಿ. ಬಲಗಡೆಗೆ ತಿರುಗಿಸಿದಳು.

ಹಸಿರು. ಬರೀ ಹಸಿರಲ್ಲ, ಯಾರ ಬಾಯಲ್ಲೂ ಕಂಡಿರದಂಥ ಹಸಿರು. ಹುಣ್ಣಿರಬೇಕಾದ ಜಾಗವೇ ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತಿತ್ತು. ಎಲ್ಲೂ ಒಂದು ಕರಿ ಚುಕ್ಕೆ ಇರಲಿಲ್ಲ. ಸ್ವಲ್ಪ ಹಳದಿ ಬೆರೆತಂತಿದೆಯಲ್ಲ ಎಂದು ಮನಸ್ಸಿನ ಮೂಲೆಯಲ್ಲಿ ಯಾರೋ ಅಂದರು. ದೀಪ ಹಳೆಯದಾಗಿರಬೇಕು ಎಂದು ಆಕೆಯೇ ಉತ್ತರ ಕೊಟ್ಟುಕೊಂಡಳು. ಬೇಕಾದ್ದು ಕಣ್ಣೆದುರು ಬಂದಾಗ ಅದನ್ನು ತಿರುವಿ ನೋಡುವವರು ಕಡಿಮೆ.

“ಅವ್ವಾ, ಹಸರ ಐತಿ! ಎಲ್ಲಾ ಹಸರ ಐತಿ!”

“ಹಂಗಾರ ಕೊಯ್ಯೂದು ಬ್ಯಾಡಲ್ಲ?”

“ಬ್ಯಾಡವ್ವಾ. ಹಲ್ಲಿನ ಚೂಪು ತಾಗಿ ಹುಣ್ಣಾಗೇತಿ ಅಷ್ಟ. ಕೊಯ್ಯೂದು ಬ್ಯಾಡ.”

ಪದ್ಮವ್ವ ಕತ್ತಲೆಯಲ್ಲಿ ಮಗಳ ತಲೆ ತಡಕಿ ತನ್ನ ಎದೆಗೆ ಒತ್ತಿಕೊಂಡಳು. ಮುಖಕ್ಕೆ ಸೆರಗು ಅಡ್ಡ ಇಲ್ಲದೆ ಗಟ್ಟಿಯಾಗಿ ನಕ್ಕಳು. ಪ್ರಜ್ಞಾ ಆ ನಗು ಕೇಳಿದಳೇ ಹೊರತು ನೋಡಲಿಲ್ಲ.

ಗುಡಿ ನೋಡಿ ಬಂದ ಗೌರೀಶ ಕೇಳಿದ, “ನಿಮ್ಮ ತಾಯಿ ಬರಲೇ ಇಲ್ಲೇನ್ರಿ?”

“ಬಂದಿದ್ಲು ಸರ್. ನಾ ನೋಡೇನಿ. ಹಸರ ಐತಿ.”

“ಬೆರಳು ಹಾಕಿ ನೋಡಿದ್ರೇನು?”

ಪ್ರಜ್ಞಾ ದೀಪದ ಕೊಳವೆ ಸುತ್ತಿಡತೊಡಗಿದಳು. “ಒಮ್ಮೆ ಬೈಲಹೊಂಗಲಕ್ಕ ಕರಕೊಂಡು ಬರ್ರಿ, ನಾ ನೋಡತೇನಿ,” ಎಂದ ಗೌರೀಶ. ಹೂಂ ಎಂದಳು. ಆದರೆ ಮನೆಯಲ್ಲಿ ಆ ಮಾತು ಎತ್ತಿದಾಗ ಪದ್ಮವ್ವ ಕೈ ಅಡ್ಡ ಆಡಿಸಿಬಿಟ್ಟಳು. “ನನ ಮಗಳ ಬೆಳಕ ನೋಡೇತಿ. ಇನ್ನ ಯಾರದರ ಬೆರಳ ಯಾಕ ಬೇಕು?” ಪ್ರಜ್ಞಾ ಮತ್ತೆ ಒತ್ತಾಯಿಸಲಿಲ್ಲ. ಆ ಮಾತು ಕೇಳಲಿಕ್ಕೆ ಹಿತವಾಗಿಯೂ ಇತ್ತು.

ಪದ್ಮವ್ವ ಊರೆಲ್ಲ ಡಂಗುರ ಹೊಡೆದಳು. ನನ್ನ ಬಾಯಿ ಹಸಿರಿದೆ, ದಿನಾ ಅರಿಶಿನ ತುಪ್ಪ ಹಚ್ಚುತ್ತೇನೆ, ಅದಕ್ಕೇ ಹಸಿರಿದೆ, ನೀವೂ ಹಚ್ಚಿರಿ ಎಂದು ನಳದ ಹತ್ತಿರ ನಿಂತು ಹೇಳಿದಳು. ಧಾರವಾಡದಲ್ಲಿದ್ದ ಮಗಳ ಕಿವಿಗೆ ಈ ಮಾತು ಬೀಳಲಿಲ್ಲ. ಫೋನಿನಲ್ಲಿ ಅವ್ವ ಕೇಳುತ್ತಿದ್ದದ್ದು ಉಂಡೆಯಾ ಎಂದು, ಹೇಳುತ್ತಿದ್ದದ್ದು ನಾ ಆರಾಮಿದ್ದೇನೆ ಎಂದು.

ಮಳೆಗಾಲ ಕಳೆದು ಕಾಂತೇಶನ ಮದುವೆ ಬಂತು. ಹೆಣ್ಣು ರಾಮದುರ್ಗದವಳು. ಅರಿಶಿನ ಹಚ್ಚುವ ದಿನ ಪದ್ಮವ್ವ ತಾನೇ ಅರಿಶಿನ ಕಲಸಿ ಬೋಗುಣಿ ತುಂಬ ತಂದಿಟ್ಟಳು. ಅಣ್ಣನಿಗೆ ಹಚ್ಚುವ ಗದ್ದಲದಲ್ಲಿ ಹೆಂಗಸರು ಪ್ರಜ್ಞಾಳ ಮುಖ, ಕೈ, ಕುತ್ತಿಗೆಗೆಲ್ಲ ಮೆತ್ತಿದರು. ಮದುವೆಯ ಊಟದಲ್ಲಿ ಪದ್ಮವ್ವ ಒಂದು ಬಟ್ಟಲು ಪಾಯಸ ಕುಡಿದು ಎದ್ದಳು. ಸೆರಗು ಸರಿದಾಗ ದವಡೆಯ ಕೆಳಗೆ ಅಡಿಕೆಯಷ್ಟು ಗಂಟು ಪ್ರಜ್ಞಾಳ ಕಣ್ಣಿಗೆ ಬಿತ್ತು.

“ಇದೇನವ್ವಾ?”

“ಹಲ್ಲಿಂದು. ನೀನ ನೋಡಿದ್ಯಲ್ಲ, ಹಸರ ಐತಂತ. ಮದವಿ ಮನ್ಯಾಗ ಮಾರಿ ಹಿಂಗ ಮಾಡಬ್ಯಾಡ.”

ಹೌದು, ನೋಡಿದ್ದೇನೆ ಎಂದುಕೊಂಡಳು ಪ್ರಜ್ಞಾ. ತನ್ನ ಕಣ್ಣಿಗೆ ಕಾಣುತ್ತಿದ್ದ ಗಂಟನ್ನು ಬಿಟ್ಟು ತನ್ನ ಯಂತ್ರ ಹಿಂದೊಮ್ಮೆ ತೋರಿಸಿದ ಹಸಿರನ್ನು ನಂಬಿದಳು. ಓದು ಕೆಲವೊಮ್ಮೆ ಹೀಗೂ ಕುರುಡು ಮಾಡುತ್ತದೆ.

ಮದುವೆ ಮುಗಿಸಿ ಪ್ರಯೋಗಾಲಯಕ್ಕೆ ಹೋದ ದಿನ ಹೊಸ ದೀಪ ಬಂದಿತ್ತು. ಕತ್ತಲೆ ಕೋಣೆಗೆ ಹೋಗಿ ಪೆಟ್ಟಿಗೆಗೆ ಜೋಡಿಸಿ, ಗಾಜಿಗೆ ಕಣ್ಣಿಟ್ಟು, ಪರೀಕ್ಷೆಗೆಂದು ಹಿಡಿದ ಬಿಳಿ ಹಲಗೆಯತ್ತ ದೀಪ ತಿರುಗಿಸಿದಳು. ಹಲಗೆ ಹಿಡಿದಿದ್ದ ಅವಳ ಎಡಗೈ ಧಗ್ಗನೆ ಹೊತ್ತಿಕೊಂಡ ಹಾಗೆ ಹಸಿರಾಯಿತು. ಉಗುರಿನ ಸಂದಿ, ಅಂಗೈಯ ಗೆರೆ, ಬೆರಳಿನ ಗಿಣ್ಣು, ಅರಿಶಿನ ತೊಳೆದರೂ ಹೋಗದೆ ಉಳಿದ ಜಾಗವೆಲ್ಲ ಹೊಳೆಯುತ್ತಿತ್ತು. ಹಳದಿ ಬೆರೆತ, ಕಣ್ಣು ಕುಕ್ಕುವ ಹಸಿರು. ಆ ಹಸಿರನ್ನು ಆಕೆ ಹಿಂದೆ ಒಂದೇ ಒಂದು ಕಡೆ ನೋಡಿದ್ದಳು.

ಹೊರಗೆ ಬಂದು ಮನೆಗೆ ಫೋನು ಹಚ್ಚಿದಳು.

“ಅಪ್ಪಾ, ಅವ್ವ ಬಾಯಾಗ ಅರಿಶಿಣ ಹಚ್ಚಿಕೋತಾಳೇನು?”

“ದಿನಾ ಹಚ್ಚಿಕೋತಾಳ. ಯಾಕ?”

“ಸಾಲ್ಯಾಗ ನಾ ಬೆಳಕ ಹಾಕಿ ನೋಡಿದ ದಿನ?”

“ಅವತ್ತ ಬಾಳ ಹಚ್ಚಿದ್ಲು,” ಎಂದ ನೀಲಪ್ಪ. “ಬೆಳಕ ಬಿದ್ದರ ಹುಣ್ಣು ಉರೀತೈತೇನೋ ಅಂತ ಅಂಜಿಕಿ ಆಗಿತ್ತು ಆಕಿಗೆ. ತುಪ್ಪದಾಗ ಕಲಸಿ ದಪ್ಪಗ ಮೆತಗೊಂಡು ಬಂದಿದ್ಲು. ಮಗಳಿಗೆ ಹೇಳಬ್ಯಾಡ, ನಕ್ಕಾಳು ಅಂದಿದ್ಲು.”

ತುಪ್ಪದಲ್ಲಿ ಕಲಸಿದ ಅರಿಶಿನ ಒಂದು ಲೋಟ ನೀರಿಗೆ ಹೋಗುವುದಿಲ್ಲ. ಅದರ ಕೆಳಗೆ ಏನಿತ್ತೋ ಅದನ್ನು ಬೆಳಕು ಮುಟ್ಟಿರಲೇ ಇಲ್ಲ. ಆ ಸೀಮೆಯಲ್ಲಿ ಬಾಯಿ ಹುಣ್ಣಿಗೆ ಅರಿಶಿನ ಹಚ್ಚದವರು ಯಾರಿದ್ದಾರೆ? ಸಂಪಗಾಂವದವರೂ ಹಚ್ಚಿರಬಹುದು, ಸಾಲಹಳ್ಳಿಯವರೂ ಹಚ್ಚಿರಬಹುದು. ಅವರಿಗೆಲ್ಲ ಗೌರೀಶನ ಟಾರ್ಚಿತ್ತು, ಒರೆಸಿ ಒತ್ತಿ ನೋಡುವ ಬೆರಳಿತ್ತು. ಅವ್ವನಿಗೆ ಮಾತ್ರ ಮಗಳಿದ್ದಳು. ಪ್ರಜ್ಞಾ ಗೌರೀಶನಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಬೈಯಲಿಲ್ಲ, ಸವದತ್ತಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತಿರಿ, ಬರುತ್ತೇನೆ, ಅಲ್ಲಿಂದ ಹೂಲಿಗೆ ಹೋಗೋಣ ಎಂದ.

ಈ ಸಲ ಪದ್ಮವ್ವ ಗೌರೀಶನ ಮುಂದೆ ಬಾಯಿ ತೆರೆದಳು. ಮಗಳ ಮುಖ ನೋಡಿದ ಮೇಲೆ ಆಕೆಗೆ ನಾಚಿಕೆ ನೆನಪಾಗಲಿಲ್ಲ. ಬಾಯಿ ಅರ್ಧ ಮಾತ್ರ ತೆರೆಯಿತು. ಗೌರೀಶ ಹತ್ತಿಯಿಂದ ಒರೆಸಿದ, ಮತ್ತೆ ಒರೆಸಿದ. ಹಳದಿಯ ಕೆಳಗಿನಿಂದ ರಕ್ತ ಬಂತು. ಅಡಿಗೆಮನೆಯ ಬೆಳಕಿಂಡಿಗೆ ಚೀಲ ತುರುಕಿ ಕತ್ತಲೆ ಮಾಡಿ ಪ್ರಜ್ಞಾ ದೀಪ ಹಿಡಿದಳು. ಬಲಗಲ್ಲ ಪೂರ್ತಿ ಕಪ್ಪಾಗಿತ್ತು, ಮಿಸ್ರಿ ಹುರಿಯುವ ಹಂಚಿನ ಹಾಗೆ. ಗೌರೀಶ ಕುತ್ತಿಗೆಯ ಗಂಟುಗಳನ್ನು ಮುಟ್ಟಿ ನೋಡಿ, ನೀಲಪ್ಪನನ್ನು ಕರೆದುಕೊಂಡು ಅಂಗಳಕ್ಕೆ ಹೋದ.

“ಹಸರ ಐತಲ್ಲ?” ಎಂದಳು ಪದ್ಮವ್ವ.

“ಇಲ್ಲವ್ವಾ.”

“ಅವತ್ತಿತ್ತಲ್ಲ?”

“ಅದು ಅರಿಶಿಣದ ಹಸರ ಅವ್ವಾ. ನಿಂದಲ್ಲ. ನನಗ ತಿಳೀಲಿಲ್ಲ. ನಾ ತಪ್ಪ ನೋಡಿದ್ನಿ.” ಅವ್ವನ ತೊಡೆಯ ಮೇಲೆ ಮುಖ ಇಟ್ಟು ಅತ್ತಳು.

ಊರಿನ ಬಾಯಿ ಮುಚ್ಚಿಸುವ ಹೆಂಗಸು ಕತ್ತಲೆಯಲ್ಲಿ ಮಗಳ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ಆಮೇಲೆ ಹೇಳಿದಳು, “ಇದನ್ನ ಯಾರ ಮುಂದೂ ಅನಬ್ಯಾಡ.”

“ಯಾಕವ್ವಾ?”

“ಪದ್ಮವ್ವನ ಮಗಳು ಓದಿ ಬಂದು ಅವ್ವನ್ನ ಕೊಂದ್ಲು ಅಂತಾರ. ಮುಂದ ಯಾರೂ ನಿನ್ನ ಮುಂದ ಬಾಯಿ ತಗಿಯಾಂಗಿಲ್ಲ. ಅನಬ್ಯಾಡ, ನನ್ನಾಣಿ ಐತಿ.”

ಹುಬ್ಬಳ್ಳಿಯಲ್ಲಿ ಚೂರು ಕೊಯ್ದು ಪರೀಕ್ಷೆಗೆ ಕಳಿಸಿದರು. ಹೊಸದೇನೂ ತಿಳಿಯಬೇಕಾಗಿರಲಿಲ್ಲ, ಆದರೂ ಕಳಿಸಿದರು. ಆಪರೇಶನ್ನಿನ ಕಾಲ ಮೀರಿದೆ ಎಂದು ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಟ್ಟರು. ಗಲ್ಲ ಸುಟ್ಟು ಒಡೆಯಿತು. ಯುಗಾದಿಗೆ ಮೊದಲೇ ಮನೆಗೆ ಕರೆದುಕೊಂಡು ಹೋಗಿ ಎಂದರು. ನೋಡಲು ಬಂದ ಹೆಂಗಸರೆಲ್ಲ ಆ ಮುಖ ಕಂಡು ಹೌಹಾರಿದರು. ಮಾತಾಡಿದರೆ ಜೀವ ಹೋಗುವಂಥ ನೋವಿನಲ್ಲೂ ಪದ್ಮವ್ವ ಬಂದವರಿಗೆಲ್ಲ ಒಂದೇ ಮಾತು ಹೇಳಿದಳು. “ನನ ಮಗಳ ಬೆಳಕ ಖರೇ ಹೇಳಿತ್ತು. ಹಸರಿತ್ತು. ಆಮ್ಯಾಲ ಕಬ್ಬಿಣ ತಾಗಿತು.” ಪ್ರಜ್ಞಾ ಮಗ್ಗುಲಲ್ಲಿ ಕೂತು ಕೇಳಿದಳು. ಆಣೆ ಹಾಕಿಸಿಕೊಂಡವಳು ಏನು ಹೇಳಿಯಾಳು? ಬಿಸಿಲು ಏರುವ ಹೊತ್ತಿಗೆ ಒಂದು ಬೆಳಿಗ್ಗೆ ಪದ್ಮವ್ವ ಸತ್ತಳು. ಮುಚ್ಚಲಿಕ್ಕೆ ಬಾರದ ಆ ಬಾಯಿಯ ಮೇಲೆ ನೀಲಪ್ಪ ಆಕೆಯ ಸೆರಗನ್ನೇ ಹೊದಿಸಿದ.

ಮಣ್ಣು ಮಾಡಿ ವಾರ ಕಳೆದಿರಲಿಲ್ಲ. ಪ್ರಜ್ಞಾ ಅಂಗಳದ ಕಟ್ಟೆಯ ಮೇಲೆ ಕೂತಿದ್ದಳು, ನೀಲಪ್ಪ ಗೋಡೆಗೆ ಒರಗಿದ್ದ. ಪಕ್ಕದ ಮನೆಯ ಇಂದ್ರವ್ವ ಬಂದು ಆಕೆಯ ಹತ್ತಿರ ಕುಳಿತಳು. ಸೆರಗು ಬಾಯಿಗೆ ಅಡ್ಡ ಇತ್ತು.

“ಪ್ರಜ್ಞಾ, ನಿನ್ನ ಪೆಟಗಿ ಐತೇನು? ನನಗೊಮ್ಮಿ ಬೆಳಕ ಹಾಕಿ ನೋಡ ನನ್ನವ್ವಾ. ಹೋದ ವರ್ಷ ಹಸರಂದಿದ್ದಿ. ಈಗೊಂದು ಹುಣ್ಣಾಗೇತಿ, ಮಾಯವಲ್ದು. ನಿಮ್ಮವ್ವ ಹೇಳಿದಾಂಗ ದಿನಾ ಅರಿಶಿಣ ಹಚ್ಚತೇನಿ. ಈಗೂ ಹಚಗೊಂಡ ಬಂದೇನಿ.”

ಸೆರಗು ಸರಿಸಿ ಬಾಯಿ ತೆರೆದಳು. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಅವಳ ಕರಿ ವಸಡು, ಹಳದಿ ಗಲ್ಲ ಎಲ್ಲ ಕಂಡಿತು.

ಪ್ರಜ್ಞಾ ಒಳಗೆ ಹೋಗಿ ಪೆಟ್ಟಿಗೆ ತರಲಿಲ್ಲ. ಎದ್ದು ಕೈ ತೊಳೆದು ಬಂದಳು. ಒಗೆದ ಬಟ್ಟೆಯ ತುದಿಯಿಂದ ಅರಿಶಿನವನ್ನೆಲ್ಲ ಒರೆಸಿದಳು. ಆಮೇಲೆ ಬೆರಳು ಹಾಕಿ, ಗೌರೀಶ ಮಾಡುತ್ತಿದ್ದ ಹಾಗೆ, ಗಲ್ಲವನ್ನು ಒಳಗಿನಿಂದ ಒತ್ತಿದಳು. ಹುಣ್ಣಿನ ಅಂಚು ಬೆರಳಿಗೆ ಗಟ್ಟಿಯಾಗಿ ತಾಗಿತು.

“ಅತ್ತಿ, ನಾಳೆ ಹುಬ್ಬಳ್ಳಿಗೆ ಹೋಗೂಣು. ನಾ ಸಂಗಾಟ ಬರತೇನಿ. ಒಂದ ಚೂರು ತಗದು ನೋಡಬೇಕು. ಈಗಿನ್ನೂ ಸಣ್ಣದೈತಿ.”

ಇಂದ್ರವ್ವ ದಿಗ್ಗನೆ ಹಿಂದೆ ಸರಿದಳು. “ಕೊಯ್ಯೂದಾ? ನಿಮ್ಮವ್ವಗ ಆದದ್ದ ಕಣ್ಣಾರೆ ನೋಡಿದ ಮ್ಯಾಲೂ?”

ಪ್ರಜ್ಞಾ ಅಪ್ಪನ ಕಡೆ ನೋಡಿದಳು. ನೀಲಪ್ಪ ನೆಲ ನೋಡುತ್ತಿದ್ದ. ಅವ್ವನ ಆಣೆ ಎದೆಯ ಮೇಲೆ ಕಲ್ಲಿನ ಹಾಗೆ ಕೂತಿತ್ತು. ಅದನ್ನು ಎತ್ತಿ ಹಾಕುವುದು ಅವ್ವನನ್ನು ಇನ್ನೊಮ್ಮೆ ಮಣ್ಣು ಮಾಡಿದಂತೆಯೇ ಅನಿಸಿತು.

“ಅವ್ವ ನಿಮಗ ಸುಳ್ಳ ಹೇಳಿದ್ಲತ್ತಿ. ನನ ಸಲುವಾಗಿ ಹೇಳಿದ್ಲು. ಆಕೀನ್ನ ಕಬ್ಬಿಣ ಕೊಂದಿಲ್ಲ. ಆ ಹಸರ ಅರಿಶಿಣದ್ದು. ಕೆಳಗ ರೋಗ ಇತ್ತು, ನಾ ಒರಸಿ ನೋಡಲಿಲ್ಲ. ಅವತ್ತ ಕೊಯ್ದಿದ್ರ ಇವತ್ತ ಇಲ್ಲೇ ಕುಂತಿರತಿದ್ಲು. ಕೊಂದಾಕಿ ನಾ.”

ಇಂದ್ರವ್ವ ಬಾಯಿ ಬಿಟ್ಟು ನೋಡಿದಳು. ಆಮೇಲೆ ಅವಳ ಕಣ್ಣಿನಲ್ಲಿ ಕನಿಕರ ಬಂತು. ಪ್ರಜ್ಞಾಳಿಗೆ ಸಿಟ್ಟು ಬೇಕಾಗಿತ್ತು, ಶಾಪ ಬೇಕಾಗಿತ್ತು. ಕನಿಕರ ಬೇಕಾಗಿರಲಿಲ್ಲ.

“ನೀಲಪ್ಪಣ್ಣ, ಹುಡುಗೀನ್ನ ಒಳಗ ಕರಕೊಂಡ ಹೋಗು. ಅವ್ವ ಹೋದ ದುಃಖಕ್ಕ ಏನೇನೋ ಮಾತಾಡಾಕ ಹತ್ತೇತಿ ಕೂಸು,” ಎಂದು ಇಂದ್ರವ್ವ ಎದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಸರಸರ ತನ್ನ ಮನೆಗೆ ನಡೆದಳು. ಬಾಗಿಲಿಗೆ ಅಗುಳಿ ಬಿದ್ದ ಸದ್ದು ಕೇಳಿಸಿತು.

ನೀಲಪ್ಪ ಗೋಡೆ ಹಿಡಿದು ಎದ್ದ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ.

“ನಡಿ,” ಎಂದ. “ಆಕಿ ಬಾಗಲದಾಗ ಕುಂದ್ರೂಣು. ಹೊರಗ ಬರೂತನಾ ಕುಂದ್ರೂಣು. ನೀ ಹೇಳಿದ್ರ ನಂಬಾಂಗಿಲ್ಲ, ನಾನೂ ಹೇಳತೇನಿ. ಅವತ್ತ ಅರಿಶಿಣ ಕಲಸಿ ಕೊಟ್ಟಾವ ನಾನ.”

ಪ್ರಜ್ಞಾ ಅಪ್ಪನ ಮುಖ ನೋಡಿದಳು. ಇಷ್ಟು ದಿನ ಆ ಮನುಷ್ಯ ಅದನ್ನು ಒಳಗೇ ಇಟ್ಟುಕೊಂಡಿದ್ದ. ಇಬ್ಬರೂ ಹೋಗಿ ಇಂದ್ರವ್ವನ ಮನೆಯ ಮೆಟ್ಟಿಲ ಮೇಲೆ ಕುಳಿತರು. ನೀಲಪ್ಪ ಬಾಗಿಲು ಬಡಿದ. ಯಾರೂ ಓ ಎನ್ನಲಿಲ್ಲ. ಮತ್ತೆ ಬಡಿದ. ಬಾಗಿಲ ಸಂದಿಯಿಂದ ತುಪ್ಪದಲ್ಲಿ ಅರಿಶಿನ ಕಾಯಿಸುವ ವಾಸನೆ ಬರುತ್ತಿತ್ತು.